ಸಮುದ್ರಕ್ಕೆ ಬಿದ್ದರೆ ಔಟ್

ಅರುವಾ ಹಿತೊಲೊ ಬ್ಯಾಟು ಹಿಡಿಯಲು ಕಲಿತದ್ದು ಹಲಗೆಗಳ ಮೇಲೆ. ಪಪುವಾ ನ್ಯೂಗಿನಿಯ ಹನುವಾಬಾದ ಊರಿನಲ್ಲಿ ಅವನ ಕುಲದವರ ಮನೆಗಳೆಲ್ಲ ಕಂಬಗಳ ಮೇಲೆ, ನೀರಿನೊಳಗೆ ನಿಂತಿವೆ. ದಡದಿಂದ ಕೊನೆಯ ಮನೆಯವರೆಗೆ ಒಂದೇ ಹಲಗೆ ಹಾದಿ. ಅದರ ಅಗಲ ಎರಡು ಮಾರು, ಅಕ್ಕಪಕ್ಕದಲ್ಲಿ ಸಮುದ್ರ. ಬ್ಯಾಟು ಹಿಡಿದವನು ದಡದ ತುದಿಯಲ್ಲಿ ನಿಲ್ಲುತ್ತಾನೆ. ಚೆಂಡು ಹಾಕುವವನು ಹಾದಿಯ ಮೇಲಿಂದ ಅವನ ಕಡೆ ಓಡಿ ಬರುತ್ತಾನೆ. ಬಾರಿಸಿದ ಚೆಂಡು ಹಲಗೆಗಳ ಮೇಲೆ ದಡದಡನೆ ಉರುಳಿ ಕೊನೆಯ ಮನೆಯ ಮೆಟ್ಟಿಲಿಗೆ ಬಡಿದರೆ ನಾಲ್ಕು ರನ್. ಚೆಂಡು ಗಾಳಿಯಲ್ಲಿ ಹಾರಿ ನೀರಿಗೆ ಬಿದ್ದರೆ ಔಟ್, ಹಾದಿಯ ಅಂಚಿನಿಂದ ಉರುಳಿ ಬಿದ್ದರೂ ಔಟ್. ಇಳಿತದ ಹೊತ್ತಿನಲ್ಲಿ ಕೆಳಗೆ ಬರೀ ಕೆಸರಿದ್ದರೂ ಲೆಕ್ಕಕ್ಕೆ ಅದು ಸಮುದ್ರವೇ. ಔಟಾದವನು ಬ್ಯಾಟು ಕೆಳಗಿಟ್ಟು ತಾನೇ ಹಾರಿ ಚೆಂಡು ತರಬೇಕು.

ಈ ನಿಯಮವನ್ನು ಮಾಡಿದವರು ಯಾರೆಂದು ಯಾರಿಗೂ ನೆನಪಿಲ್ಲ. ಕಾರಣ ಮಾತ್ರ ಎಲ್ಲರಿಗೂ ಗೊತ್ತು. ಚೆಂಡು ಒಂದೇ ಇರುತ್ತಿತ್ತು, ಸೆಳೆತಕ್ಕೆ ಸಿಕ್ಕರೆ ಆವತ್ತಿನ ಆಟ ಮುಗಿದಂತೆ.

ಹೀಗಾಗಿ ಆ ಹಾದಿಯಲ್ಲಿ ಬೆಳೆದವರ ಬ್ಯಾಟಿನಿಂದ ಚೆಂಡು ಮೇಲೇಳುವುದು ಕಡಿಮೆ. ಅರುವಾನ ಬ್ಯಾಟಿನಿಂದಂತೂ ಏಳುತ್ತಲೇ ಇರಲಿಲ್ಲ. ಎಡ ಮೊಣಕೈ ಎತ್ತರದಲ್ಲಿ, ತಲೆ ಚೆಂಡಿನ ಮೇಲೆ, ಬ್ಯಾಟಿನ ಮುಖ ತುಸುವೇ ನೆಲದ ಕಡೆಗೆ ಬಾಗಿರುತ್ತಿತ್ತು. ಅವನು ಬಾರಿಸಿದ ಚೆಂಡು ಹಾದಿಯ ನಟ್ಟನಡುವೆ, ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಕೊನೆಯ ಮನೆ ಅವನ ಸೋದರತ್ತೆ ಬೋನಿಯದು. ಬಾಳೆಕಾಯಿ ಸುಲಿಯುತ್ತ ಒಳಗೆ ಕೂತಿರುತ್ತಿದ್ದ ಅವಳು ಹಲಗೆಯ ಸದ್ದು ಕೇಳಿಯೇ ಹೇಳುತ್ತಿದ್ದಳು: “ಅರುವಾಂದು. ನಾಲ್ಕು.”

ಹೊಟ್ಟೆಪಾಡಿಗೆ ಅವನು ಬಂದರಿನಲ್ಲಿ ಹಡಗಿನ ಸರಕು ಇಳಿಸುತ್ತಿದ್ದ. ದೇಶದ ತಂಡಕ್ಕೆ ಆಯ್ಕೆಯಾದ ಮೇಲೂ ಅದೇ ಕೆಲಸ. ಪಂದ್ಯವಿದ್ದಾಗ ರಜೆ ಕೇಳುವುದು, ಮುಗಿದ ಮರುದಿನ ಮತ್ತೆ ಸರಪಳಿ ಹಿಡಿಯುವುದು. ಪಪುವಾ ನ್ಯೂಗಿನಿಯ ಕೆಂಪು ಕಪ್ಪು ಅಂಗಿ ತೊಟ್ಟು ಸುತ್ತಲಿನ ದ್ವೀಪಗಳಿಗೆಲ್ಲ ಹೋಗಿಬಂದಿದ್ದ. ಆದರೆ ಇಂಗ್ಲೆಂಡಿನಲ್ಲಿ ನಡೆಯುವ ದೊಡ್ಡ ಪಂದ್ಯಾವಳಿಗೆ, ಸಣ್ಣ ದೇಶಗಳೆಲ್ಲ ಸೇರಿ ವಿಶ್ವಕಪ್ಪಿನ ಬಾಗಿಲು ತಟ್ಟುವ ಆ ಕೂಟಕ್ಕೆ, ಅವನು ಹೋಗಿರಲಿಲ್ಲ. ಮೊದಲ ಸಲ ಅವಕಾಶ ಬಂದಾಗ ಅಪ್ಪ ತೀರಿಕೊಂಡ. ಸಾವಿನ ಮನೆಯ ಮಗ ಗಡ್ಡ ಬಿಟ್ಟು ಒಳಗೇ ಇರಬೇಕು, ಕುಲದವರು ಕೂಡಿ ಔತಣ ಮಾಡಿ ಬಿಡುಗಡೆ ಕೊಡುವವರೆಗೆ ಆಟವಿಲ್ಲ, ಹಾಡಿಲ್ಲ. ತಂಡದ ವಿಮಾನ ಹಾರಿದ ಸದ್ದನ್ನು ಅವನು ಮುಚ್ಚಿದ ಕೋಣೆಯೊಳಗಿಂದ ಕೇಳಿದ. ಎರಡನೆಯ ಸಲ ಬಂದರಿನ ಸರಪಳಿಗೆ ಸಿಕ್ಕಿ ಬಲಗೈಯ ಬೆರಳು ಮುರಿಯಿತು. ಮೂರನೆಯ ಸಲ ಬರುವಷ್ಟರಲ್ಲಿ ಅವನಿಗೆ ಮೂವತ್ತಾರು ತುಂಬಿತ್ತು.

“ಈ ಸಲ ಏನಾದ್ರೂ ತಪ್ಪಿದ್ರೆ ಮುಂದಿನ ಸಲಕ್ಕೆ ನಿನ್ನ ಅಂಪೈರ್ ಮಾಡಿ ಕರ್ಕೊಂಡು ಹೋಗ್ತಾರೆ,” ಎಂದು ಹೆಂಡತಿ ಕೋನಿಯೊ ನಗುತ್ತಿದ್ದಳು. ನಗುವಿನ ಹಿಂದೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅರ್ಹತಾ ಪಂದ್ಯಗಳು ಆ ವರ್ಷ ತವರಿನಲ್ಲೇ, ಪೋರ್ಟ್ ಮೋರ್ಸ್ಬಿಯಲ್ಲೇ ನಡೆದವು. ಮೊದಲ ಎರಡು ಸ್ಥಾನ ಪಡೆದ ತಂಡಗಳು ಇಂಗ್ಲೆಂಡಿಗೆ. ಫಿಜಿಯ ಎದುರಿನ ಪಂದ್ಯಕ್ಕೆ ಊರಿಗೆ ಊರೇ ಬಂದು ಮೈದಾನದ ಸುತ್ತ ಕೂತಿತ್ತು. ಆಗ್ನೇಯದ ಗಾಳಿ ಒಣಗುಡ್ಡಗಳ ಧೂಳನ್ನೆಲ್ಲ ತಂದು ಸುರಿಯುತ್ತಿತ್ತು. ಅಡಿಕೆ ಮಾರುವ ಹೆಂಗಸರು ಬುಟ್ಟಿಗೆ ಬಟ್ಟೆ ಮುಚ್ಚಿ, ವ್ಯಾಪಾರ ಬಿಟ್ಟು ಎದ್ದು ನಿಂತಿದ್ದರು. ಕೊನೆಯ ಚೆಂಡು ಉಳಿದಿತ್ತು. ಗೆಲ್ಲಲು ಆರು ರನ್ ಬೇಕಿತ್ತು. ಬ್ಯಾಟು ಅರುವಾನ ಕೈಯಲ್ಲಿತ್ತು.

ಫಿಜಿಯ ಬೌಲರ್ ಯಾರ್ಕರ್ ಹಾಕಲು ಹೋಗಿ ಗುರಿ ತಪ್ಪಿದ. ಚೆಂಡು ಲೆಗ್ ಸ್ಟಂಪಿನ ಮೇಲೆ, ಮಂಡಿಯ ಕೆಳಗಿನ ಎತ್ತರಕ್ಕೆ ತೇಲಿ ಬಂತು. ಎಡಬದಿಯ ಬೌಂಡರಿ ಹತ್ತಿರದಲ್ಲಿತ್ತು. ಅಲ್ಲಿ ನಿಂತವನು ಮುಂದೆ ಬಂದುಬಿಟ್ಟಿದ್ದ. ಮಣಿಕಟ್ಟು ತಿರುಗಿಸಿ ಎತ್ತಿದ್ದರೆ ಸಾಕಿತ್ತು. ಅರುವಾ ಎಡಗಾಲು ಪಕ್ಕಕ್ಕೆ ಸರಿಸಿ, ಮೊಣಕೈ ಎತ್ತಿ, ನೇರವಾಗಿ ಬಾರಿಸಿದ. ಚೆಂಡು ಬೌಲರ್‌ನ ಕಾಲ ಪಕ್ಕದಿಂದ, ವಿಕೆಟ್ಟಿನ ಪಕ್ಕದಿಂದ, ಹುಲ್ಲಿಗೆ ಅಂಟಿಕೊಂಡೇ ಹೋಗಿ ಎದುರಿನ ಬೌಂಡರಿಯ ಹಲಗೆಗೆ ಬಡಿಯಿತು. ಫಿಜಿಯವರು ಯಾರೂ ಅಲುಗಲಿಲ್ಲ. ಅಷ್ಟು ಚೆಂದದ ಹೊಡೆತವನ್ನು ಆ ಮೈದಾನ ಆ ವಾರವೆಲ್ಲ ಕಂಡಿರಲಿಲ್ಲ. ಜನ ಹೋ ಎಂದು ಎದ್ದು ಕೈ ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಲೆಕ್ಕ ನೆನಪಾಗಿ ಕೈ ಇಳಿಸಿದರು.

ಒಂದು ರನ್ನಿನಿಂದ ಸೋತಿದ್ದರು.

ಅರುವಾ ಬ್ಯಾಟು ಕಂಕುಳಲ್ಲಿ ಇರುಕಿಕೊಂಡು, ಚೆಂಡು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದ. ಫಿಜಿಯ ಬೌಲರ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಅದೇನೆಂದು ಅರುವಾನಿಗೆ ಆಮೇಲೆ ನೆನಪಾಗಲೇ ಇಲ್ಲ.

ಊರಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ಹಾದಿಯ ಮೇಲೆ ಅವನು ನಡೆದು ಬಂದಾಗ ಜಗಲಿಗಳಲ್ಲಿ ಕೂತವರು ಅಡಿಕೆಗೆ ಸುಣ್ಣ ಹಚ್ಚಿಕೊಳ್ಳುತ್ತ ಭರತದ ಮಾತಾಡಿದರು, ಮೀನಿನ ಮಾತಾಡಿದರು. ಬೋನಿ ಅತ್ತೆ ಮಾತ್ರ ಬಾಗಿಲಿಗೆ ಬಂದು ಕೂಗಿದಳು: “ರೇಡಿಯೊದಲ್ಲಿ ಕೇಳ್ದೆ ಕಣೋ. ಒಳ್ಳೇ ನಾಲ್ಕು.”

“ಆರು ಬೇಕಿತ್ತು, ಅತ್ತೆ.”

“ಅದೂ ಹೇಳ್ತಾ ಇದ್ದ ರೇಡಿಯೊದವನು. ಅವನ ಮನೆ ಎಲ್ಲಿ? ಗುಡ್ಡದ ಮೇಲಿರ್ಬೇಕು.”

ಬಂದರಿನವರಿಗೆ ಅಷ್ಟು ನಾಜೂಕಿಲ್ಲ. ಮರುದಿನ ಅಕ್ಕಿಮೂಟೆ ಇಳಿಸುವಾಗ ಕ್ರೇನಿನವನು ಮೇಲಿಂದ ಕೂಗಿದ: “ಏ ಅರುವಾ, ಮೂಟೇನ ಎತ್ಲಾ, ಇಲ್ಲಾ ನಿನ್ನ ಥರ ನೆಲದ ಮೇಲೇ ಎಳ್ಕೊಂಡು ಹೋಗ್ಲಾ?” ಎಲ್ಲರೂ ನಕ್ಕರು. ಅರುವಾ ಕೂಡ ನಕ್ಕ. ಮಧ್ಯಾಹ್ನ ಊಟದ ಡಬ್ಬಿ ತೆರೆದು, ಪಕ್ಕದವನ ಕಡೆ ಸರಿಸಿದ.

ಎರಡು ದಿನ ಬಿಟ್ಟು ತಂಡದ ನಾಯಕ ದಾರೋವಾ ಅವನ ಮನೆಗೆ ಬಂದ. ಬ್ಯಾಂಕಿನಲ್ಲಿ ಗುಮಾಸ್ತ, ಪಕ್ಕದ ಹಾದಿಯವನು, ಅರುವಾನ ಜೊತೆ ಆಡಿ ಬೆಳೆದವನು. ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೋನಿಯೊ ಕೊಟ್ಟ ಚಹಾ ಮುಗಿಯುವವರೆಗೆ ಬೇರೆ ಏನೇನೋ ಮಾತಾಡಿದ. ಆಮೇಲೆ ಹೇಳಿದ.

“ಒಂದು ಜಾಗ ಫಿಜಿಗೆ ಆಯ್ತು. ಇನ್ನೊಂದು ಜಾಗ ನಮ್ಗಾ, ಹಾಂಗ್‌ಕಾಂಗ್‌ಗಾ ಅಂತ ಶನಿವಾರ ಗೊತ್ತಾಗತ್ತೆ. ಕೋಚ್ ಹೇಳಿದ್ದು ಇಷ್ಟು. ಶನಿವಾರ ಆಡೋ ಹನ್ನೊಂದು ಜನ, ಜೊತೆಗೆ ಮೂರು ಜನ ಹೊಸ ಬೌಲರ್‌ಗಳು. ಗೆದ್ರೆ ವಿಮಾನ ಹತ್ತೋದು ಇವರೇ. ಬ್ಯಾಟಿಂಗ್‌ನಲ್ಲಿ ಆರನೇ ಜಾಗಕ್ಕೆ ನೀನು, ಇಲ್ಲಾ ಲಾಹುಯಿ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಲಾಹುಯಿ ಕೋನಿಯೊಳ ತಮ್ಮ.

“ಕೋಚ್‌ಗೆ ಎತ್ತಿ ಹೊಡೆಯೋನು ಬೇಕು,” ದಾರೋವಾ ಮುಂದುವರಿಸಿದ. “ನೀನು ಗುರುವಾರ ಮೈದಾನಕ್ಕೆ ಬಂದು ಅವರ ಕಣ್ಮುಂದೆ ನಾಲ್ಕು ಚೆಂಡು ಎತ್ತು. ಉಳಿದದ್ದು ನಾನು ನೋಡ್ಕೋತೀನಿ.”

“ಅಷ್ಟೇನಾ?”

“ಅಷ್ಟೇ, ತುರಾ.” ಗೆಳೆಯ ಎಂದು ಕರೆದು ದಾರೋವಾ ಎದ್ದ. “ನಾಲ್ಕು ಚೆಂಡು.”

ಲಾಹುಯಿಗೆ ಇಪ್ಪತ್ತಮೂರು. ಅವನ ಅಪ್ಪ ಪೊಲೀಸ್. ಲಾಯೆ ಊರಿಗೆ ವರ್ಗವಾಗಿದ್ದರಿಂದ ಹುಡುಗ ಬೆಳೆದದ್ದು ಪೊಲೀಸ್ ಮೈದಾನದ ಹುಲ್ಲಿನ ಮೇಲೆ. ಅಲ್ಲಿ ಚೆಂಡು ಬೇಲಿ ದಾಟಿದರೆ ಯಾರಾದರೂ ಎಸೆದು ವಾಪಸ್ ಕೊಡುತ್ತಿದ್ದರು. ಊರಿಗೆ ಮರಳಿದ ಮೊದಲ ವಾರವೇ ಅವನು ಹಲಗೆ ಹಾದಿಯಲ್ಲಿ ನಿಂತು ಮೊದಲ ಚೆಂಡನ್ನು ಆಕಾಶಕ್ಕೆ ಎತ್ತಿ, ಎರಡು ಕೈ ಮೇಲೆತ್ತಿ ಕುಣಿದಿದ್ದ. ಅವನನ್ನು ಬಟ್ಟೆ ಸಮೇತ ನೀರಿಗೆ ತಳ್ಳಿದ್ದರು. ಆಗಿನಿಂದ ಅವನ ಹೆಸರು ‘ಒಣನೆಲ’.

ಅರುವಾ ನೇರವಾಗಿ ಅವನ ಬಳಿಗೇ ಹೋದ. “ನನಗೆ ಎತ್ತೋದು ಹೇಳ್ಕೊಡು,” ಎಂದ.

ಲಾಹುಯಿ ದೋಣಿಯ ಎಂಜಿನ್ ಬಿಚ್ಚಿ ಕೂತಿದ್ದ. ಕೈಯ ಎಣ್ಣೆ ಒರೆಸಿಕೊಳ್ಳುತ್ತ ತಲೆ ಎತ್ತಿ ನೋಡಿದ. “ಭಾವ, ಆ ಜಾಗಕ್ಕೆ ನಾನೂ ಇದೀನಿ. ಗೊತ್ತು ತಾನೆ?”

“ಗೊತ್ತು. ಬೇರೆ ಯಾರನ್ನ ಕೇಳ್ಲಿ? ಈ ಊರಲ್ಲಿ ಎತ್ತೋನು ನೀನೊಬ್ನೇ.”

“ಎಂಜಿನ್ ಮುಚ್ಚಿ ಬರ್ತೀನಿ, ಇರು,” ಎಂದ ಲಾಹುಯಿ.

ಅಂದು ಸಂಜೆ ಭರತ ಏರಿತ್ತು. ಅರುವಾ ದಡದ ತುದಿಯಲ್ಲಿ ನಿಂತ, ಲಾಹುಯಿ ಹಾದಿಯ ಮೇಲಿಂದ ಮೆಲ್ಲನೆ ಚೆಂಡು ಹಾಕಿದ. ಎಡಗಾಲು ತೆರೆದು, ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ಬೀಸು ಎಂದು ಮೊದಲೇ ತೋರಿಸಿಕೊಟ್ಟಿದ್ದ. ಅರುವಾ ಬೀಸಿದ. ಚೆಂಡು ಮೂರು ಮನೆಗಳ ತಗಡಿನ ಮಾಡು ದಾಟಿ ಹೋಗಿ ನೀರಿಗೆ ಬಿತ್ತು.

“ಔಟ್!” ಹಾದಿಯುದ್ದಕ್ಕೂ ಜಗಲಿಗಳು ಒಟ್ಟಿಗೇ ಕೂಗಿದವು. ಮೀನು ಉಜ್ಜುತ್ತಿದ್ದ ಹೆಂಗಸರು ಕೂಗಿದರು. ಕಂಬಕ್ಕೆ ದೋಣಿ ಕಟ್ಟುತ್ತಿದ್ದವನು ಕೂಗಿದ. ಬೋನಿ ಅತ್ತೆ ಒಳಗಿನಿಂದಲೇ ಕೂಗಿದಳು. ಅರುವಾ ಬ್ಯಾಟನ್ನು ಹಲಗೆಯ ಮೇಲಿಟ್ಟು ನೀರಿಗೆ ಹಾರಿಯೇಬಿಟ್ಟ.

“ಭಾವಾ! ಹಾರಬೇಡ! ಇದು ಅಭ್ಯಾಸ!” ಲಾಹುಯಿ ಹಾದಿಯ ಅಂಚಿಗೆ ಓಡಿಬಂದ. ಅಷ್ಟರಲ್ಲಿ ಅರುವಾನ ತಲೆ ನೀರಿನ ಮೇಲೆ ಬಂದಿತ್ತು, ಮುಖದಲ್ಲಿ ಪೆಚ್ಚುನಗು.

ಲಾಹುಯಿ ಎಲ್ಲ ಜಗಲಿಗಳಿಗೂ ಕೇಳುವಂತೆ ಹೇಳಿದ: “ಕೇಳಿ ಎಲ್ರೂ! ಈಗ ಹೊಡೆಯೋದೆಲ್ಲ ಆರು. ಯಾರೂ ಔಟ್ ಅನ್ನಬಾರ್ದು. ಬೋನಿ ಅತ್ತೆ, ನಿಮಗೂ ಹೇಳಿದ್ದು!”

“ಆಯ್ತಪ್ಪಾ ಒಣನೆಲ. ಆರು. ಬಾಯಿ ಹೊಲ್ಕೊಂಡೆ.”

ಎರಡನೆಯ ಚೆಂಡು ನೀರಿಗೆ ಬಿದ್ದಾಗ ಕೂಗಿದ್ದು ಬೋನಿ ಅತ್ತೆಯೇ, ಎಲ್ಲರಿಗಿಂತ ಮೊದಲು. “ನಾನು ಕೂಗ್ಲಿಲ್ಲ ಕಣೋ,” ಎಂದು ಹೊರಗೆ ಬಂದು ತಲೆ ಮೇಲೆ ಕೈಯಿಟ್ಟುಕೊಂಡಳು. “ಬಾಯಿ ತಾನೇ ಕೂಗ್ತು. ಅರವತ್ತು ವರ್ಷದ ಬಾಯಿ, ನನ್ನ ಮಾತೆಲ್ಲಿ ಕೇಳತ್ತೆ?”

ಜನ ಹೊಟ್ಟೆ ಹಿಡಿದು ನಕ್ಕರು. ಅರುವಾ ನಗಲಿಲ್ಲ. ಈ ಸಲ ಹಾರಿರಲಿಲ್ಲ ನಿಜ. ಆದರೆ ಬ್ಯಾಟು ಆಗಲೇ ಕೈಯಿಂದ ಇಳಿದು ಹಲಗೆಯ ಮೇಲಿತ್ತು. ಅದನ್ನು ಅಲ್ಲಿಟ್ಟವನು ತಾನೇ ಎಂಬುದು ಅವನಿಗೆ ತಿಳಿದದ್ದು ಬಗ್ಗಿ ನೋಡಿದಾಗ.

ಗುರುವಾರ ಮೈದಾನದಲ್ಲಿ ಕೂಗುವವರು ಯಾರೂ ಇರಲಿಲ್ಲ. ಕೋಚ್ ಆಸ್ಟ್ರೇಲಿಯಾದವರು, ಮಾತು ಕಡಿಮೆ. ತಾವೇ ಚೆಂಡು ಎಸೆದರು. ಅರುವಾ ಮೊದಲನೆಯದನ್ನು ಎತ್ತಿದ. ಎರಡನೆಯದನ್ನು ಇನ್ನೂ ದೂರಕ್ಕೆ ಎತ್ತಿದ. ಮೂರನೆಯದು ಬ್ಯಾಟಿನ ಅಂಚಿಗೆ ತಾಗಿತು, ನಾಲ್ಕನೆಯದು ಬೇಲಿಯಾಚೆ ನಿಂತಿದ್ದ ಲಾರಿಯ ಮೇಲೆ ಬಿತ್ತು. ಬಂದರಿನಲ್ಲಿ ಗಟ್ಟಿಯಾದ ತೋಳು, ಬಲಕ್ಕೇನೂ ಕೊರತೆಯಿರಲಿಲ್ಲ. ಕೋಚ್ ತಲೆಯಾಡಿಸಿ ದಾರೋವಾನ ಕಡೆ ನೋಡಿದರು. ದಾರೋವಾ ಹೆಬ್ಬೆರಳು ಎತ್ತಿ ತೋರಿಸಿದ. ಶನಿವಾರದ ಹನ್ನೊಂದು ಜನರಲ್ಲಿ ಅರುವಾನ ಹೆಸರು ಸೇರಿತು.

ಭಾವ ಮೈದುನ ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತ ನಿಂತರು. ಲಾಹುಯಿ ಅಡಿಕೆಯೊಂದನ್ನು ಹಲ್ಲಿನಿಂದ ಸುಲಿದು ಅರುವಾನಿಗೆ ಕೊಟ್ಟ, ತಾನೊಂದು ಬಾಯಿಗೆ ಹಾಕಿಕೊಂಡ.

“ಸಂತೋಷ ಆಯ್ತು, ಭಾವ.”

“ಹೂಂ.”

“ಒಂದ್ ಮಾತು. ಹೊಡೆಯೋವಾಗ ನೀನು ಕಣ್ಣು ಮುಚ್ಕೋತಿದ್ದೆ.”

ಅರುವಾ ಅವನ ಕಡೆ ತಿರುಗಿದ.

“ನಾನು ಪಕ್ಕದಲ್ಲಿ ನಿಂತಿದ್ದೆ, ಅದಕ್ಕೇ ಕಾಣಿಸ್ತು. ನಾಲ್ಕಕ್ಕೆ ನಾಲ್ಕೂ ಸಲ.” ಲಾಹುಯಿ ಕೆಂಪಗೆ ಉಗುಳಿ ಬಾಯಿ ಒರೆಸಿಕೊಂಡ. “ಕೋಚ್‌ಗೆ ಕಂಡಿಲ್ಲ. ನಾನು ಯಾರಿಗೂ ಹೇಳಲ್ಲ. ಅಕ್ಕನಾಣೆ.”

ಬಸ್ ಬಂತು, ಇಬ್ಬರೂ ಹತ್ತಿದರು.

ಅರುವಾ ಅದನ್ನು ತನಗೆ ತಾನೇ ಬಿಡಿಸಿ ನೋಡಿದ. ಎತ್ತುವೆನೆಂದು ಮೊದಲೇ ಗಟ್ಟಿ ಮಾಡಿಕೊಂಡು, ಕಣ್ಣು ಮುಚ್ಚಿ, ಎಸೆದ ಚೆಂಡಿಗೆ ಬ್ಯಾಟು ಬೀಸುವುದು ಒಂದು. ಓಡಿ ಬರುವ ಬೌಲರ್‌ನ ಕೈಯಿಂದ ಹೊರಟ ಚೆಂಡನ್ನು ಕಣ್ಣು ತೆರೆದು ನೋಡಿ ಎತ್ತುವುದು ಇನ್ನೊಂದು. ಮೊದಲನೆಯದು ತೋಳಿನ ಕೆಲಸ. ಎರಡನೆಯದರಲ್ಲಿ ತೋಳಿಗೆ ಆಜ್ಞೆ ಕೊಡುವುದು ಕಣ್ಣು. ತನ್ನ ಕಣ್ಣಿಗೆ ಚೆಂಡಿನ ಜೊತೆಗೆ ಏನು ಕಾಣುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಶುಕ್ರವಾರ ಸಂಜೆ ಅವನು ಕೋನಿಯೊಗೆ ಎಲ್ಲ ಹೇಳಿದ, ದಾರೋವಾನ ಬಳಿಗೆ ಹೋಗಿ ಜಾಗ ಬಿಟ್ಟುಕೊಡುತ್ತೇನೆಂದೂ ಹೇಳಿದ. ಅವಳು ತೆಂಗಿನ ಹಾಲಿನಲ್ಲಿ ಬಾಳೆಕಾಯಿ ಬೇಯಲಿಟ್ಟು, ಒಲೆಯ ಮುಂದೆ ಕೂತಿದ್ದಳು. ಮಾತು ಮುಗಿಯುವವರೆಗೆ ತಿರುಗಿ ನೋಡಲಿಲ್ಲ.

“ದಾರೋವಾ ನಿನ್ನ ಕೇಳಿದ್ನಾ?” ಎಂದಳು ಆಮೇಲೆ.

“ಇಲ್ಲ.”

“ಕೋಚ್ ಕೇಳಿದ್ರಾ?”

“ಇಲ್ಲ.”

“ಮತ್ತೆ ನೀನಾಗೇ ಯಾಕೆ ಹೋಗಿ ಹೇಳ್ತೀಯ?” ಸೌಟನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು. “ನಾಳೆ ಕೊನೇ ಚೆಂಡಿಗೆ ಆರು ಬೇಕೇ ಬೇಕಾಗತ್ತೆ ಅಂತ ಯಾರು ಬರೆದಿಟ್ಟಿದ್ದಾರೆ? ಸುಮ್ನೆ ಆಡು. ನಿನ್ನ ಥರ ಆಡು. ಗೆದ್ರೆ ಹೋಗಿ ಬಾ. ಲಾಹುಯಿ ನನ್ನ ತಮ್ಮ, ನಾನು ಎತ್ತಿ ಆಡಿಸಿದ ಮಗು. ಅವನಿಗೆ ಇನ್ನೂ ಮೂರು ಸಲ, ನಾಲ್ಕು ಸಲ ಬರತ್ತೆ. ನಿನಗೆ?”

“ನನಗೆ ಇಲ್ಲ.”

“ಹಂಗಾದ್ರೆ?”

ಇಡೀ ಊರು ಎದ್ದು ಕೈ ತಟ್ಟಿ, ಆಮೇಲೆ ಒಬ್ಬೊಬ್ಬರಾಗಿ ಕೈ ಇಳಿಸಿದ್ದು ಅರುವಾನ ಕಣ್ಣಮುಂದಿತ್ತು. ಬಸ್ ನಿಲ್ದಾಣದಲ್ಲಿ ಮೈದುನ ಆಣೆ ಇಟ್ಟದ್ದೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ಅವನಿಗೇ ತಿಳಿಯಲಿಲ್ಲ. “ಅವನು ಹೇಳಲ್ಲ ಅಂದ,” ಎಂದಷ್ಟೇ ಹೇಳಿದ.

ಕೋನಿಯೊ ಮತ್ತೆ ಒಲೆಯ ಕಡೆ ತಿರುಗಿದಳು. “ಹೋಗು,” ಎಂದಳು. “ತಣ್ಣಗಾಗೋ ಮೊದ್ಲು ಬಾ.” ದನಿಯಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಬೇರೇನೋ ಇತ್ತು.

ದಾರೋವಾ ತನ್ನ ಜಗಲಿಯಲ್ಲಿ ಬೂಟುಗಳಿಗೆ ಬಿಳಿ ಬಳಿಯುತ್ತ ಕೂತಿದ್ದ. ಅರುವಾನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ.

“ನಾಳೆ ನಾನು ಆಡಲ್ಲ,” ಎಂದ ಅರುವಾ, ನಿಂತೇ. “ಲಾಹುಯಿನ ಹಾಕು.”

“ಬೆರಳಿಗೆ ಏನಾದ್ರೂ ಆಯ್ತಾ?”

“ಇಲ್ಲ. ಆರು ಬೇಕಾದಾಗ ನನ್ನ ಕೈಲಿ ಎತ್ತೋಕಾಗಲ್ಲ.”

“ನಿನ್ನೆ ಲಾರಿ ಮೇಲೆ ಬಿತ್ತಲ್ಲೋ!”

“ಅದು ಕಣ್ಣು ಮುಚ್ಕೊಂಡು.”

ದಾರೋವಾ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒತ್ತಿ, ನಿಧಾನವಾಗಿ ಬಣ್ಣ ಹಿಂಡಿದ. “ಫಿಜಿ ದಿನ ಏನಾಯ್ತು? ನಾನು ಈವರೆಗೂ ಕೇಳಿಲ್ಲ.”

“ಆರು ಬೇಕು ಅಂತ ಗೊತ್ತಿತ್ತು. ಅವನು ಓಡಿ ಬರೋವಾಗ್ಲೂ ಗೊತ್ತಿತ್ತು. ಚೆಂಡು ಕೈ ಬಿಟ್ಟ ಮೇಲೆ ಎಡಗಡೆ ಹುಲ್ಲಿರಲಿಲ್ಲ, ದಾರೋವಾ. ನೀರಿತ್ತು. ನೇರಕ್ಕೆ ಮಾತ್ರ ಹಾದಿ ಕಾಣಿಸ್ತು.”

ಬೇರೆ ಊರಿನ ನಾಯಕನಾಗಿದ್ದರೆ ನಗುತ್ತಿದ್ದನೇನೋ. ದಾರೋವಾ ಬೆಳೆದದ್ದು ಪಕ್ಕದ ಹಾದಿಯಲ್ಲಿ. ಅವನು ನಗಲಿಲ್ಲ.

“ನಾನು ಕೇಳದೇ ಇರೋ ಪ್ರಶ್ನೆಗೆ ಬಂದು ಉತ್ತರ ಕೊಡ್ತಿದ್ದೀಯ,” ಎಂದ. “ನಾನು ಕೇಳಿಸ್ಕೊಂಡೇ ಇಲ್ಲ ಅಂದ್ಕೋತೀನಿ. ಮನೆಗೆ ಹೋಗು. ಬೆಳಿಗ್ಗೆ ಬ್ಯಾಟು ತಗೊಂಡು ಬಾ.”

“ನಾಳೆ ಕೊನೇ ಚೆಂಡಿಗೆ ಆರು ಬೇಕಾಗಿ ನಾನು ನಿಂತಿದ್ರೆ, ನಿನಗೆ ಗೊತ್ತಿರತ್ತೆ. ನನಗೂ ಗೊತ್ತಿರತ್ತೆ. ಉಳಿದ ಒಂಬತ್ತು ಜನಕ್ಕೆ ಗೊತ್ತಿರಲ್ಲ. ಅವರೂ ವಿಮಾನ ಹತ್ತಬೇಕು ಅಂತಲೇ ಇದ್ದಾರೆ.”

ದಾರೋವಾ ಬ್ರಷ್ಷನ್ನು ಕೆಳಗಿಟ್ಟ. ಒಂದು ಬೂಟು ಬಿಳಿಯಾಗಿತ್ತು, ಇನ್ನೊಂದು ಅರ್ಧ. “ಹನ್ನೆರಡನೆಯವನಾಗಿ ಬರ್ತೀಯಾ?” ಎಂದು ಕೇಳಿದ. “ನೀರು ತರೋಕೆ.”

“ಬರ್ತೀನಿ.”

ಮನೆಗೆ ಬಂದಾಗ ಬಾಳೆಕಾಯಿ ಬಿಸಿಯಾಗಿಯೇ ಇತ್ತು. ಇಬ್ಬರೂ ಎದುರುಬದುರು ಕೂತು ಉಂಡರು. ಲಾಹುಯಿಗೆ ಈ ಸುದ್ದಿ ಹೇಳಲು ಹೋದವಳು ಕೋನಿಯೊ. ಅರುವಾ ಅಂದು ಮೈದುನನ ಮನೆಯ ಕಡೆ ಮುಖ ಹಾಕಲಿಲ್ಲ.

ಶನಿವಾರದ ಪಂದ್ಯವನ್ನು ಊರಿನವರು ಹೆಚ್ಚು ನೆನೆಯುವುದಿಲ್ಲ, ಏಕೆಂದರೆ ಅದರಲ್ಲಿ ಎದೆ ಬಡಿದುಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬೆಳಗಿನ ತೇವದಲ್ಲಿ ಚೆಂಡು ಅತ್ತಿತ್ತ ತಿರುಗಿತು, ಹಾಂಗ್‌ಕಾಂಗ್‌ನವರು ಊಟದ ಹೊತ್ತಿಗೆಲ್ಲ ಔಟಾದರು. ಲಾಹುಯಿ ಬ್ಯಾಟು ಹಿಡಿದು ಹೋದಾಗ ಬೇಕಿದ್ದದ್ದು ಬರೀ ಹದಿನೆಂಟು ರನ್, ಓವರುಗಳು ಬೇಕಾದಷ್ಟು ಉಳಿದಿದ್ದವು. ಅವನು ಒಂದನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಬರಲಿಲ್ಲ. ಒಂದೊಂದು, ಎರಡೆರಡು ರನ್ ತೆಗೆದು, ಇನ್ನೊಬ್ಬನ ಜೊತೆ ಮೆಲ್ಲನೆ ಮುಗಿಸಿ ಬಂದ. ಅರುವಾ ಆಡಿದ್ದರೂ ಹಾಗೆಯೇ ಮುಗಿಯುತ್ತಿತ್ತು. ಇದು ಎಲ್ಲರಿಗೂ ಹೊಳೆಯಿತು, ಎಲ್ಲರಿಗಿಂತ ಮೊದಲು ಕೋನಿಯೊಗೆ.

ನಡುವೆ ಒಮ್ಮೆ ಅರುವಾ ನೀರಿನ ಬಾಟಲಿಗಳನ್ನು ಹಿಡಿದು ಮೈದಾನದ ಮಧ್ಯಕ್ಕೆ ಓಡಿದ. ಲಾಹುಯಿ ಕುಡಿದು ಬಾಟಲಿ ಮರಳಿ ಕೊಡುವಾಗ ತಲೆ ತಗ್ಗಿಸಿಕೊಂಡೇ ಕೇಳಿದ: “ಭಾವ, ಯಾಕೆ ಹಿಂಗ್ ಮಾಡ್ದೆ?”

“ಚೆಂಡು ನೋಡ್ಕೊಂಡು ಆಡು. ಆ ಎಡಗೈಯವನು ಒಳಗೆ ತರ್ತಾನೆ,” ಎಂದು ಹೇಳಿ ಅರುವಾ ಓಡಿ ವಾಪಸಾದ.

ಗೆದ್ದ ಸಂಜೆ ಊರಿನಲ್ಲಿ ಡೋಲು ಬಡಿದರು. ಹಾದಿಯ ಹಲಗೆಗಳು ಅದುರುವಂತೆ ಕುಣಿದರು. ಅರುವಾ ಕೂಡ ಕುಣಿದ, ಬೆವರು ಇಳಿಯುವವರೆಗೆ. ಕೋನಿಯೊ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವನ ಕೆಲಸದ ಅಂಗಿಯ ಹರಿದ ತೋಳು ಹೊಲಿಯುತ್ತ, “ಒಂದು ರನ್ ಕೂಡ ಬಿಟ್ಟುಕೊಡೋ ಜಾತಿ ಅಲ್ಲ ನೀನು. ಇದನ್ನ ಹೆಂಗೆ ಬಿಟ್ಟೆಯೋ,” ಎಂದಳು. ಮತ್ತೆ ಅವಳು ಆ ಮಾತೆತ್ತಲಿಲ್ಲ.

ತಂಡ ಹೊರಟ ದಿನ ಅವನಿಗೆ ಬಂದರಿನಲ್ಲಿ ಬೆಳಗಿನ ಪಾಳಿ. ರಜೆ ಕೇಳಬಹುದಿತ್ತು, ಕೇಳಲಿಲ್ಲ. ವಿಮಾನ ಕೊಲ್ಲಿಯ ಮೇಲೆ ತಿರುಗಿದಾಗ ಕ್ರೇನಿನವನು ಎಂಜಿನ್ ನಿಲ್ಲಿಸಿದ. ಎಲ್ಲರೂ ತಲೆ ಎತ್ತಿ ನೋಡಿದರು. ಆ ಹೊತ್ತಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಆಮೇಲೆ ಎಂಜಿನ್ ಮತ್ತೆ ಶುರುವಾಯಿತು.

ಮರುದಿನ ಭಾನುವಾರ. ಇಗರ್ಜಿಯಲ್ಲಿ ಜಾಗವಿಲ್ಲದಷ್ಟು ಜನ. ಅರುವಾ ಗಂಡಸರ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ. ಹಾಡು ಮುಗಿದ ಮೇಲೆ ಪ್ರಾರ್ಥನೆಗೆ ನಿಂತವರು ಸಭೆಯ ಹಿರಿಯರಾದ ಮುದುಕ ಸಿಬೋನಾ. ಕಣ್ಣು ಮಂಜಾದ ಮೇಲೆ ಅವರು ಎಲ್ಲವನ್ನೂ ಬಾಯಿಪಾಠದಿಂದಲೇ ಹೇಳುತ್ತಿದ್ದರು. ದೂರ ದೇಶಕ್ಕೆ ಹೋದ ಮಕ್ಕಳನ್ನು ಕಾಯಬೇಕೆಂದು ಬೇಡಿ, ಆಟಗಾರರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯತೊಡಗಿದರು. ಹನ್ನೆರಡು ವರ್ಷಗಳಿಂದ ತಂಡಕ್ಕಾಗಿ ಪ್ರಾರ್ಥಿಸಿದ ನಾಲಿಗೆ ಅದು. “ದಾರೋವಾನನ್ನು ಕಾಯಿ, ಸ್ವಾಮಿ,” ಎಂದರು. ಇನ್ನೂ ಇಬ್ಬರು ಮೂವರ ಹೆಸರು ಹೇಳಿದರು. ಆಮೇಲೆ ಎಂದಿನ ದನಿಯಲ್ಲೇ ಹೇಳಿದರು: “ಅರುವಾ ಹಿತೊಲೊನನ್ನು ಕಾಯಿ, ಸ್ವಾಮಿ.”

ಬೆಂಚುಗಳು ಕಿರುಗುಟ್ಟಿದವು. ಯಾರೋ ಗಂಟಲು ಸರಿಮಾಡಿಕೊಂಡರು. ಹೆಂಗಸರ ಸಾಲಿನಲ್ಲಿ ಕೋನಿಯೊ ಮುಖ ತಗ್ಗಿಸಿದಳು. ಸಿಬೋನಾ ತಪ್ಪು ತಿಳಿದು ತಡೆದು ನಿಂತರು. ಅವರ ಮುದಿ ಕೈ ಮುಂದಿನ ಕಟಕಟೆಯನ್ನು ತಡಕಾಡಿತು. “ಕ್ಷಮಿಸಿ...” ಎಂದು ಶುರುಮಾಡಿದರು.

“ಯಾಕೆ ಕ್ಷಮಿಸ್ಬೇಕು?” ಬೋನಿ ಅತ್ತೆ ಹಿಂದಿನಿಂದ ಹೇಳಿದಳು. ಮೆಲ್ಲಗೆ ಹೇಳಿದ್ದೆಂದೇ ಅವಳ ಲೆಕ್ಕ. ಇಗರ್ಜಿಗೆಲ್ಲ ಕೇಳಿಸಿತು. “ಹೆಸರು ಇರ್ಲಿ ಬಿಡು. ಹೋದವರನ್ನ ಮಾತ್ರ ಕಾಯಬೇಕು ಅಂತ ದೇವರಿಗೆ ಯಾರು ಹೇಳಿದ್ದಾರೆ?”

ಯಾರೂ ನಗಲಿಲ್ಲ. ಸಿಬೋನಾ ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅರುವಾನ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಪಕ್ಕಕ್ಕೆ ಹೊಸ ಹೆಸರೊಂದನ್ನು ಸೇರಿಸಿದರು: “ಲಾಹುಯಿಯನ್ನು ಕಾಯಿ, ಸ್ವಾಮಿ.”

“ಆಮೆನ್” ಎಂದು ಮೊದಲು ಹೇಳಿದ್ದು ಅರುವಾ. ಸಭೆ ಅವನ ಹಿಂದೆ ಹೇಳಿತು.